ಮೂರು ದಿನ ಹಾವೇರಿ, ಮೂರು ದಿನ ಬ್ಯಾಡಗಿ

ಹೋದ ವಾರ ಬ್ಯಾಡಗಿಯಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಮೋಟೆಬೆನ್ನೂರು ದಾಟಿದ ಮೇಲೆ ರಸ್ತೆ ಪಕ್ಕದ ಹೊಲದಲ್ಲಿ ಯಾರೋ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುತ್ತಿದ್ದರು. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಆ ಕಟು ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ, ಆ ಮನುಷ್ಯ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಾನೋ ಇಲ್ಲವೋ ಎಂದು ಹೊಲ ಮರೆಯಾಗುವ ತನಕ ಕತ್ತು ಹೊರಳಿಸಿ ನೋಡಿದೆ. ಮೂರು ವರ್ಷವಾಯಿತು. ಈ ಚಟ ಇನ್ನೂ ಹೋಗಿಲ್ಲ.

ಬೀಜ, ಗೊಬ್ಬರ, ಔಷಧಿ ಮಾರುವ ಒಂದು ಕಂಪನಿಯ ಹಾವೇರಿ ಆಫೀಸಿನಲ್ಲಿ ನನ್ನ ಕೆಲಸ. ಕೃಷಿ ಡಿಪ್ಲೊಮಾ ಮಾಡಿದ ನಾವು ಹತ್ತು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಫೋನ್ ಮಾಡುವ ರೈತರಿಗೆ ಉತ್ತರ ಹೇಳುತ್ತೇವೆ. ಎಲೆ ಹಳದಿ ಯಾಕಾಯಿತು, ಹುಳಕ್ಕೆ ಏನು ಹೊಡೆಯಬೇಕು, ಎಷ್ಟು ಹೊಡೆಯಬೇಕು. ಮನೆ ಬ್ಯಾಡಗಿಯಲ್ಲಿ. ಗಂಡ ಶಿವಾನಂದ ರಾಣೆಬೆನ್ನೂರಿನಲ್ಲಿ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ ಕಾಯಿಲ್ ಕಟ್ಟುವ ಅಂಗಡಿ ಇಟ್ಟಿದ್ದಾರೆ. ಹೀಗಾಗಿ ಬೆಳಿಗ್ಗೆ ಎಂಟಕ್ಕೆ ಅವರು ದಕ್ಷಿಣಕ್ಕೆ, ನಾನು ಉತ್ತರಕ್ಕೆ. ಮಗಳು ಶಾಲೆಗೆ. ಮನೆಯಲ್ಲಿ ಅತ್ತೆ ನೀಲವ್ವ ಒಬ್ಬರೇ. ಹನ್ನೊಂದು ವರ್ಷ ಇದು ಗಡಿಯಾರದ ಹಾಗೆ ನಡೆಯಿತು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಅತ್ತೆಗೆ ಮರೆವು ಶುರುವಾಯಿತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಬೀಗದ ಕೈಯನ್ನು ಅಕ್ಕಿ ಡಬ್ಬಿಯಲ್ಲಿ ಇಡುವುದು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಒಂದು ದಿನ ಹಾಲು ತರಲು ಹೋದವರು ಎರಡು ತಾಸಾದರೂ ಬರಲಿಲ್ಲ. ನೆರೆಮನೆಯ ಕಮಲಕ್ಕ ಹುಡುಕಿಕೊಂಡು ಹೋದಾಗ ರೇಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರಂತೆ. ಯಾವ ಓಣಿ ನಮ್ಮದು ಎಂದು ಯಾರನ್ನಾದರೂ ಕೇಳಲು ನಾಚಿಕೆಯಾಗಿ ಅಲ್ಲಿಯೇ ಕುಳಿತರಂತೆ. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಒಬ್ಬರನ್ನೇ ಬಿಡಬೇಡಿ ಎಂದರು.

ಬಿಡದೆ ಇರುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಅದೇ ಸಮಯಕ್ಕೆ ನಮ್ಮ ಆಫೀಸಿನಲ್ಲಿ ಒಂದು ಹೊಸ ವ್ಯವಸ್ಥೆ ಬಂತು. ಬೇಕಾದವರು ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ ಮಾಡಬಹುದು, ಮೂರು ದಿನ ಆಫೀಸಿಗೆ ಬರಬೇಕು. ಹೆಸರು ಕೊಟ್ಟವರು ಇಬ್ಬರು. ನಾನು, ಮತ್ತು ಆರು ತಿಂಗಳ ಕೂಸಿನ ತಾಯಿ ಸವಿತಾ. ಆಫೀಸಿನ ಮುಖ್ಯಸ್ಥರು ದೇಸಾಯಿ ಸರ್, ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಅವರು ಎರಡು ಷರತ್ತು ಹೇಳಿದರು. ಮನೆಯ ಸದ್ದು ಫೋನಿನಲ್ಲಿ ಕೇಳಬಾರದು. ಮನೆಯ ಲ್ಯಾಪ್‌ಟಾಪಿನಲ್ಲಿ ರೈತರ ಫೋನ್ ನಂಬರಿನ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತವೆ. ಪೂರ್ತಿ ನಂಬರು, ಮಾತಿನ ರೆಕಾರ್ಡು ಆಫೀಸಿನಲ್ಲಿ ಮಾತ್ರ. ನಾನು ಎರಡಕ್ಕೂ ತಲೆಯಾಡಿಸಿದೆ. ಆಗ ನನಗೆ ಕಂಡದ್ದು ಸೋಮವಾರ, ಬುಧವಾರ, ಶುಕ್ರವಾರ ಅತ್ತೆಯ ಕಣ್ಣೆದುರು ಇರಬಹುದು ಎನ್ನುವುದಷ್ಟೇ.

ಮೊದಲ ತಿಂಗಳು ನಿಜಕ್ಕೂ ಸುಖವಾಗಿತ್ತು. ಬಸ್ಸಿನಲ್ಲಿ ಹೋಗುತ್ತಿದ್ದ ಎರಡು ತಾಸು ಉಳಿದವು. ಮಗಳ ಜಡೆಯನ್ನು ಅವಸರವಿಲ್ಲದೆ ಹೆಣೆದೆ. ಮಧ್ಯಾಹ್ನ ಬಿಸಿರೊಟ್ಟಿ ತಿಂದೆ. ಅದು ನೌಕರಿಗೆ ಸೇರಿದ ಮೇಲೆ ರವಿವಾರ ಬಿಟ್ಟು ಮರೆತೇಹೋದ ರುಚಿ. ಪಡಸಾಲೆಯ ಮೂಲೆಯಲ್ಲಿ ಮೇಜು ಹಾಕಿಕೊಂಡು, ಬಾಗಿಲಿಗೆ ಹಳೆಯ ಕೌದಿ ಇಳಿಬಿಟ್ಟು ಕೂರುತ್ತಿದ್ದೆ. ಅತ್ತೆ ಗೋಡೆಗೆ ಒರಗಿ ನನ್ನ ಮಾತು ಕೇಳುತ್ತಾ ಕೂರುವರು. ಯಾರೋ ರೈತರು ಬದನೆಯ ಹುಳದ ಬಗ್ಗೆ ಕೇಳಿದಾಗ, ಬೂದಿ ಉಗ್ಗಾಕ ಹೇಳು ಎಂದು ಅಲ್ಲಿಂದಲೇ ಸಲಹೆ ಕೊಟ್ಟಿದ್ದರು. ಆ ರೈತರು ನಕ್ಕು, ಹಿರಿಯರು ಹೇಳಿದ್ದೂ ಬರೆದುಕೊಂಡೇನಿ ಎಂದರು.

ಮಳೆ ಹಿಡಿದ ಮೇಲೆ ಒಂದೊಂದೇ ತೊಡಕು ಕಾಣಿಸಿದವು. ಕರೆಂಟು ಹೋದರೆ ನೆಟ್‌ವರ್ಕ್ ಹೋಗುತ್ತಿತ್ತು, ಆಮೇಲೆ ದೇಸಾಯಿ ಸರ್ ಫೋನ್ ಬರುತ್ತಿತ್ತು. ಅವರು ಬೈಯುತ್ತಿರಲಿಲ್ಲ, ಎಲ್ಲಿ ಹೋಗಿದ್ದಿರಿ ಎಂದಷ್ಟೇ ಕೇಳುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಮನೆಯಲ್ಲೇ ಇದ್ದಾಳಲ್ಲ ಎಂದು ಓಣಿಯವರು ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳಲು ನನಗೇ ಹೇಳಿ ಹೋಗುವರು. ಅತ್ತೆಗಂತೂ ನನ್ನನ್ನು ಕೆಲಸದಿಂದ ತೆಗೆದಿದ್ದಾರೆ ಎನ್ನುವ ಅನುಮಾನ. ಸೋಮವಾರ ಎಷ್ಟು ತಿಳಿಸಿ ಹೇಳಿದರೂ ಬುಧವಾರಕ್ಕೆ ಅದು ಹೊಸದಾಗಿ ಹುಟ್ಟುತ್ತಿತ್ತು. ನನ್ನ ಸೊಸಿ ನೌಕರಿ ಹೋಗೇತಿ, ಪಾಪ, ಯಾರಿಗೂ ಹೇಳವಲ್ಲಳು ಎಂದು ಕಮಲಕ್ಕನ ಮುಂದೆ ಕಣ್ಣೀರು ಹಾಕಿದ್ದರಂತೆ.

ಆಫೀಸಿಗೆ ಹೋಗುವ ಮೂರು ದಿನ ಬೇರೆಯದೇ ಕಷ್ಟ. ಅಲ್ಲಿ ಮೊಬೈಲನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಹಾಕಿ ಒಳಗೆ ಹೋಗಬೇಕು. ಒಳಗೆ ಕೆಲಸ ಹಗುರ; ಎದುರಿನ ಗೋಡೆಯ ಮೇಲೆ ಯಾವ ಔಷಧಿ ಎಷ್ಟು ಎನ್ನುವ ದೊಡ್ಡ ಪಟ್ಟಿ, ಸಂಶಯ ಬಂದರೆ ಪಕ್ಕದ ಕುರ್ಚಿಯವರನ್ನು ಕೇಳಬಹುದು. ಆದರೆ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಓಡಿ ಬಂದು ಕಮಲಕ್ಕನಿಗೆ ಫೋನ್ ಮಾಡುತ್ತಿದ್ದೆ. ಆಕೆ ಅದಾರವ್ವ, ಮಲಗ್ಯಾರ ಎಂದ ಮೇಲೆಯೇ ಒಳಗೆ ಹೋಗುತ್ತಿದ್ದೆ. ಹಾವೇರಿಯಲ್ಲಿದ್ದಾಗ ಕಿವಿ ಬ್ಯಾಡಗಿಯಲ್ಲಿ, ಬ್ಯಾಡಗಿಯಲ್ಲಿದ್ದಾಗ ಕಿವಿ ಹಾವೇರಿಯಲ್ಲಿ. ಆ ಮಳೆಗಾಲದಲ್ಲಿ ನಾನು ಪೂರ್ತಿಯಾಗಿ ಯಾವ ಜಾಗದಲ್ಲೂ ಇರಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಮಳೆ ಬಿಡುವು ಕೊಟ್ಟಿತು. ಬಿಸಿಲು ಬಿದ್ದದ್ದೇ ಮೆಣಸಿನ ಗಿಡಗಳಿಗೆ ಎಲೆ ಮುದುಡುವ ರೋಗ ಹತ್ತಿತು. ಫೋನಿನ ಮೇಲೆ ಫೋನು. ಅಂಥ ಒಂದು ಶುಕ್ರವಾರ, ಹನ್ನೊಂದೂವರೆಯ ಹೊತ್ತಿಗೆ, ಕಾಗಿನೆಲೆ ಕಡೆಯ ಹಳ್ಳಿಯ ಫಕ್ಕೀರಪ್ಪ ಎನ್ನುವವರು ಮಾತಾಡಿದರು. ಅಂಗಡಿಯಿಂದ ಎಣ್ಣೆ ತಂದಿದ್ದಾರೆ, ಬಾಟಲಿಯ ಮೇಲಿನ ಅಕ್ಷರ ಸಣ್ಣವು, ಕಣ್ಣಿಗೆ ಕಾಣುವುದಿಲ್ಲ, ಎಷ್ಟು ಹಾಕಬೇಕು. ದೊಡ್ಡದಾಗಿ ಅಚ್ಚಾಗಿದ್ದ ಔಷಧಿಯ ಹೆಸರನ್ನು ಮಾತ್ರ ಅಕ್ಷರ ಅಕ್ಷರವಾಗಿ ಓದಿಸಿಕೊಂಡೆ. ಸರಿಯಾದದ್ದೇ ತಂದಿದ್ದರು. ಹೇಳಬೇಕಾದದ್ದು ಇಷ್ಟೇ: ಹದಿನಾರು ಲೀಟರಿನ ಒಂದು ಪಂಪಿಗೆ ಎಂಟು ಮಿಲಿ.

ನಾನು ಬಾಯಿ ತೆರೆಯುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಗ್ಯಾಸಿನ ವಾಸನೆ. ಏನೋ ಹೇಳಿದೆ, ಬಿಸಿಲು ಇಳಿದ ಮೇಲೆ ಹೊಡೆಯಿರಿ ಎಂದೆ, ಫೋನ್ ಕಟ್ ಮಾಡಿ ಓಡಿದೆ. ಹಾಲು ಉಕ್ಕಿ ಉರಿ ಆರಿತ್ತು, ಒಲೆಯ ಗುಂಡಿ ತೆರೆದೇ ಇತ್ತು. ಅತ್ತೆ ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು, ಕಡ್ಡಿಯನ್ನು ಹೊರಗೆ ತೆಗೆದಿದ್ದರು.

ಅದನ್ನು ಕೈಯಿಂದ ಕಸಿದುಕೊಂಡ ರೀತಿ ನೆನೆದರೆ ಈಗಲೂ ಕೆಟ್ಟದೆನಿಸುತ್ತದೆ. ಅವರ ಬೆರಳು ತರಚಿತ್ತು. ಗುಂಡಿ ತಿರುವಿ, ಕಿಟಕಿ ಬಾಗಿಲು ತೆರೆದು, ಅವರನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಾ, ನಿನಗ ಒಂದು ಗ್ಲಾಸ್ ಚಾ ಮಾಡಾಕತ್ತಿದ್ದೆ ಎಂದರು.

ಒಳಗೆ ಬಂದು ಕುಳಿತಾಗ ಹನ್ನೆರಡೂ ಕಾಲು. ಮಾತಾಡಿದ್ದನ್ನು ಬರೆದಿಡುವ ನಿಯಮ ಇತ್ತಲ್ಲ, ಫಕ್ಕೀರಪ್ಪನವರ ಸಾಲಿನಲ್ಲಿ ಪಂಪಿಗೆ ಎಂಟು ಎಂದು ಟೈಪ್ ಮಾಡಿದೆ. ಬೆರಳು ಅಲ್ಲಿಯೇ ನಿಂತವು. ನಾನು ಪಂಪಿಗೆ ಅಂದೆನೋ, ಲೀಟರಿಗೆ ಅಂದೆನೋ? ನೆನಪಾಗಲಿಲ್ಲ. ಪಾತ್ರೆಯ ಸದ್ದು ನೆನಪಿತ್ತು, ನನ್ನ ಮಾತು ನೆನಪಿರಲಿಲ್ಲ. ಲೀಟರಿಗೆ ಎಂದಿದ್ದರೆ ಹದಿನಾರು ಪಟ್ಟು. ಗಿಡ ಸುಡುತ್ತದೆ. ಗಿಡದ ಮಾತಿರಲಿ, ಹೊಡೆಯುವ ಮನುಷ್ಯನ ಗತಿ ಏನು.

ಲ್ಯಾಪ್‌ಟಾಪಿನಲ್ಲಿ ಅವರ ನಂಬರಿನ ಕೊನೆಯ ನಾಲ್ಕು ಅಂಕೆ ಇದ್ದವು. ಆಫೀಸಿನವರ ಮೊಬೈಲುಗಳು ಪೆಟ್ಟಿಗೆಯಲ್ಲಿ. ದೇಸಾಯಿ ಸರ್ ಆ ದಿನ ರಾಣೆಬೆನ್ನೂರಿನಲ್ಲಿ ಸಭೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ಸವಿತಾಳದೂ ಮನೆಯಿಂದ ಕೆಲಸ ಮಾಡುವ ದಿನ. ಕೊನೆಗೆ ಬೇರೆ ರೈತರ ಹಾಗೆ ನಾನೇ ಸಹಾಯವಾಣಿಗೆ ಫೋನ್ ಮಾಡಿದೆ. ಸರತಿಯಲ್ಲಿ ನೀವು ಹದಿನಾಲ್ಕನೆಯವರು ಎಂದು ರೆಕಾರ್ಡಿನ ಧ್ವನಿ ಹೇಳಿತು. ಹತ್ತು ನಿಮಿಷ ಕಾದೆ, ಹನ್ನೆರಡನೆಯವಳಾದೆ, ಲೈನು ಕಡಿಯಿತು.

ಹಾವೇರಿಗೆ ಹೋಗುವುದೊಂದೇ ದಾರಿ. ಕಮಲಕ್ಕ ತವರಿಗೆ ಹೋಗಿದ್ದರು. ಅತ್ತೆಗೆ ಬೇರೆ ಸೀರೆ ಉಡಿಸಿ, ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸು ಹೊರಡಲು ಇಪ್ಪತ್ತು ನಿಮಿಷ. ಅತ್ತೆಗೆ ಊರಿಗೆ ಹೋಗುವ ಖುಷಿ. ಎದುರಿನ ಸೀಟಿನವರಿಗೆ ನನ್ನನ್ನು ತೋರಿಸಿ ಇಕಿ ನನ್ನ ಸೊಸಿ ಎಂದು ಪರಿಚಯ ಹೇಳಿದರು. ನಾನು ಕಿಟಕಿಯಿಂದ ಆಕಾಶ ನೋಡುತ್ತಿದ್ದೆ. ಬಿಸಿಲು ಇಳಿದ ಮೇಲೆ ಎಂದು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಅಂದರೆ ನಾಲ್ಕು ಗಂಟೆ. ಆದರೆ ಹೆದ್ದಾರಿಗೆ ಬರುವಷ್ಟರಲ್ಲಿ ಮೋಡ ಕವಿಯತೊಡಗಿತು. ಮೋಡವಾದರೆ ರೈತರು ನಾಲ್ಕರವರೆಗೆ ಕಾಯುವುದಿಲ್ಲ.

ಆಫೀಸಿಗೆ ಮುಟ್ಟಿದಾಗ ಎರಡೂ ಹತ್ತು. ಅತ್ತೆಯನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿ, ಸೆಕ್ಯುರಿಟಿಯವರಿಗೆ ನೋಡಿಕೊಳ್ಳಿ ಎಂದು ಹೇಳಿ, ನನ್ನ ಜಾಗಕ್ಕೆ ಹೋಗಿ ರೆಕಾರ್ಡು ಹಚ್ಚಿದೆ. ಪಾತ್ರೆಯ ಸದ್ದು ಕೇಳಿಸಿತು. ಆಮೇಲೆ ನನ್ನದೇ ಧ್ವನಿ, ಸ್ಪಷ್ಟವಾಗಿ, ಯಾವ ಗಾಬರಿಯೂ ಇಲ್ಲದ ಹಾಗೆ: ಲೀಟರಿಗೆ ಎಂಟು ಮಿಲಿ ಹಾಕ್ರಿ.

ಪೂರ್ತಿ ನಂಬರು ತೆಗೆದು ಫೋನ್ ಮಾಡಿದೆ. ಮೂರನೆಯ ಸಲಕ್ಕೆ ಒಬ್ಬ ಹೆಣ್ಣುಮಗಳು ಎತ್ತಿದರು. ಫಕ್ಕೀರಪ್ಪನವರ ಹೆಂಡತಿ ದ್ಯಾಮವ್ವ. ಅವರು ಹೊಲಕ್ಕ ಹೋಗ್ಯಾರ್ರೀ, ಫೋನ್ ಚಾರ್ಜಿಗೆ ಇಟ್ಟು ಹೋಗ್ಯಾರ ಎಂದರು. ಎಣ್ಣೆ ಹೊಡೆಯುವುದನ್ನು ಕೂಡಲೇ ನಿಲ್ಲಿಸಬೇಕು, ಅಳತೆ ನಾನು ತಪ್ಪು ಹೇಳಿದ್ದೇನೆ ಎಂದೆ. ಆಕೆ ಫೋನ್ ಕೈಯಲ್ಲಿ ಹಿಡಿದೇ ಓಡಿದರು. ಓಡುವ ಉಸಿರು, ಬಳೆಯ ಸದ್ದು, ಗಾಳಿ ನನಗೆ ಕೇಳಿಸುತ್ತಿದ್ದವು. ನಡುವೆ ಲೈನು ಕಡಿಯಿತು. ಮತ್ತೆ ಲೈನು ಸಿಗುವುದಕ್ಕೆ ಹಿಡಿದದ್ದು ಹದಿನೈದು ನಿಮಿಷವೋ ಇಪ್ಪತ್ತೋ. ಆಫೀಸಿನವರೆಲ್ಲ ಅವರವರ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಗೋಡೆಯ ಮೇಲಿನ ಪಟ್ಟಿಯನ್ನು ನೋಡುತ್ತಾ ಕುಳಿತಿದ್ದೆ.

ಈ ಸಲ ಫಕ್ಕೀರಪ್ಪನವರೇ ಮಾತಾಡಿದರು. "ಎರಡು ಪಂಪು ಆದ್ವುರೀ. ಬಾಟ್ಲಿ ಖಾಲಿ ಆತು. ಇನ್ನೊಂದು ತರಾಕ ಹೊಂಟಿದ್ದೆ."

ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಿರಾ ಎಂದು ಕೇಳಿದೆ. ಟವೆಲ್ ಸುತ್ತಿಕೊಂಡಿದ್ದರಂತೆ. ತಲೆ ನೋಯುತ್ತಿದೆಯೇ ಎಂದರೆ, ಸ್ವಲ್ಪ ಎಂದರು. ಅಂಗಿ ತೆಗೆದು, ಸಾಬೂನು ಹಚ್ಚಿ ಮೈ ತೊಳೆದು, ಬಾಟಲಿಯ ಸಮೇತ ದವಾಖಾನೆಗೆ ಹೋಗಿರಿ ಎಂದು ಬೇಡಿಕೊಂಡೆ. ಹೊಡೆದ ಗಿಡಕ್ಕೆ ಬೇರೆ ಯಾರಾದರೂ ಬರಿ ನೀರು ಹೊಡೆಯಲಿ ಎಂದೆ. ಎಲ್ಲಕ್ಕೂ ಹೂಂ ಎಂದು, ಕೊನೆಗೆ ಅವರು ಒಂದು ಮಾತು ಆಡಿದರು.

"ನನಗೂ ಹೆಚ್ಚಾತು ಅನ್ನಿಸ್ತುರೀ ಮೇಡಂ. ಆದ್ರ ಓದಿದವರು, ಆಫೀಸಿನ್ಯಾಗ ಕುಂತು ಹೇಳಾಕತ್ತಾರ, ನೋಡೇ ಹೇಳ್ತಿರತಾರ ಅಂತ ಹಾಕಿದೆ."

ನಾನು ಮನೆಯಲ್ಲಿ ಕುಳಿತು ಹೇಳಿದ್ದೆ ಎಂದೆ. ಅವರು ಫೋನ್ ಇಟ್ಟರು.

ಸಂಜೆ ಆಫೀಸಿನಿಂದಲೇ ದ್ಯಾಮವ್ವನಿಗೆ ಎರಡು ಸಲ ಫೋನ್ ಮಾಡಿದೆ. ದವಾಖಾನೆಯಲ್ಲಿ ತಪಾಸಣೆ ಮಾಡಿ, ಸ್ವಲ್ಪ ಹೊತ್ತು ಕೂರಿಸಿಕೊಂಡು ಕಳಿಸಿದ್ದರು. ಆದರೆ ಆ ದಿನ ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಸವಿತಾಳ ಫೋನು. ಹೇಗೋ ಸುದ್ದಿ ಮುಟ್ಟಿತ್ತು. "ಅಕ್ಕಾ, ಮನಿಯಿಂದ ಮಾತಾಡಿದ್ದು ಅಂತ ಬರೀಬ್ಯಾಡ್ರಿ. ಇದನ್ನ ಬಂದ್ ಮಾಡ್ತಾರ. ನನ್ನ ಕೂಸಿಗೆ ಇನ್ನೂ ವರ್ಷ ತುಂಬಿಲ್ಲ." ಅವಳ ಹಿಂದೆ ಕೂಸು ಅಳುತ್ತಿತ್ತು. ನೋಡೋಣ ಎಂದಷ್ಟೇ ಹೇಳಿದೆ.

ಶಿವಾನಂದರಿಗೆ ಎಲ್ಲ ಹೇಳಿದಾಗ ಅವರು ಬಹಳ ಹೊತ್ತು ತಾಯಿಯ ತರಚಿದ ಬೆರಳನ್ನೇ ನೋಡಿದರು. "ಬಿಟ್ಟಬಿಡು ಈ ನೌಕರಿ. ಎರಡೂ ಕಡೆ ಕಾಲಿಟ್ಟು ಎರಡೂ ಹಾಳ ಮಾಡಾಕತ್ತಿ."

"ನಾ ಎರಡು ಕಡೆ ಇಟ್ಟೇನ್ರಿ," ಎಂದೆ. "ನೀವು ಒಂದ ಕಡೆ ಇಟ್ಟೀರಿ. ಆಕಿ ನಿಮ್ಮವ್ವ."

ಹದಿಮೂರು ವರ್ಷದ ಸಂಸಾರದಲ್ಲಿ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಎದ್ದು ಹೊರಗೆ ಹೋದರು.

ಶನಿವಾರ ಆಫೀಸಿಗೆ ಹೋಗಿ ಆದದ್ದನ್ನೆಲ್ಲ ಬರೆದುಕೊಟ್ಟೆ. ಮನೆಯಿಂದ ಮಾತಾಡಿದ್ದನ್ನೂ ಬರೆದೆ. ಬರೆಯದಿದ್ದರೆ ಸವಿತಾಳಿಗೆ ಉಪಕಾರವಾಗುತ್ತಿತ್ತು. ಆದರೆ ರೆಕಾರ್ಡಿನಲ್ಲಿ ಕೇಳಿದ ಆ ನಿಶ್ಚಿಂತೆಯ ಧ್ವನಿ ನನ್ನನ್ನು ಬಿಡಲಿಲ್ಲ. ನಾಳೆ ಇನ್ನೊಂದು ಪಾತ್ರೆ ಬಿದ್ದರೆ ಇನ್ನೊಂದು ಮನೆಯ ದ್ಯಾಮವ್ವ ಓಡಬೇಕಲ್ಲ. ದೇಸಾಯಿ ಸರ್ ಓದಿ, ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ನನ್ನ ನೌಕರಿ ಹೋಯಿತೆಂದೇ ತಿಳಿದೆ. ಅವರು ಹೋಗಗೊಡಲಿಲ್ಲ, ಆದರೆ ವ್ಯವಸ್ಥೆ ಬದಲಾಯಿತು. ರೈತರೊಂದಿಗೆ ಮಾತಾಡುವುದು ಆಫೀಸಿನಿಂದ ಮಾತ್ರ. ಅಳತೆಯನ್ನು ಬಾಯಿಂದ ಹೇಳಿ ಬಿಡುವಂತಿಲ್ಲ, ಮೆಸೇಜಿನಲ್ಲೂ ಕಳಿಸಬೇಕು. ಮನೆಯಲ್ಲಿ ವಾರಕ್ಕೆ ಎರಡೇ ದಿನ, ಸೋಮವಾರ ಮತ್ತು ಶುಕ್ರವಾರ, ಅದೂ ಬರೆಯುವ ಕೆಲಸಕ್ಕೆ. ಸವಿತಾ ಎರಡು ತಿಂಗಳು ನನ್ನ ಮುಖ ನೋಡಲಿಲ್ಲ. ಅವಳದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಹತ್ತು ದಿನದ ಮೇಲೆ ಒಂದು ರವಿವಾರ ಶಿವಾನಂದರ ಗಾಡಿಯ ಹಿಂದೆ ಕುಳಿತು ಫಕ್ಕೀರಪ್ಪನವರ ಹೊಲಕ್ಕೆ ಹೋದೆ. ಒಂಬತ್ತು ಸಾಲು ಗಿಡ ಬೆಂಕಿ ಸೋಕಿದ ಹಾಗೆ ಕಂದಿದ್ದವು. ಕೆಲವು ತುದಿಯಲ್ಲಿ ಚಿಗುರುತ್ತಿದ್ದವು, ಬಹಳಷ್ಟು ಇಲ್ಲ. ಪಕ್ಕದ ಸಾಲುಗಳು ಹಸಿರಾಗಿದ್ದುದರಿಂದ ಎಲ್ಲಿಯವರೆಗೆ ನನ್ನ ಮಾತು ಮುಟ್ಟಿತ್ತು ಎನ್ನುವುದು ಗೆರೆ ಕೊರೆದ ಹಾಗೆ ಕಾಣುತ್ತಿತ್ತು. ಅವರು ಒಂಬತ್ತೂ ಸಾಲಿನಲ್ಲಿ ನನ್ನನ್ನು ನಡೆಸಿಕೊಂಡು ಹೋದರು. ಬೈಯಲಿಲ್ಲ. ದ್ಯಾಮವ್ವ ಚಹಾ ಕೊಟ್ಟರು. ಹೊರಡುವಾಗ ಫಕ್ಕೀರಪ್ಪ ಬದುವಿನ ತನಕ ಬಂದರು.

"ನೀವು ಫೋನ್ ಮಾಡಿದ್ದಕ್ಕ ಉಳದೇವಿ. ಇಲ್ಲಾಂದ್ರ ಎಣ್ಣಿ ಸರಿ ಇಲ್ಲಂತ ನಾ ಅಂಗಡಿಯವನ ಜೋಡಿ ಜಗಳಾ ತಗೀತಿದ್ದೆ. ಸಿಟ್ಟೇನಿಲ್ಲರೀ ಮೇಡಂ. ಆದ್ರ ಇನ್ನ ಮ್ಯಾಲೆ ನಿಮಗ ಫೋನ್ ಮಾಡಾಂಗಿಲ್ಲ."

ಅವರು ಆಡಿದ ಹಾಗೆಯೇ ನಡೆದರು.

ಮುಂದಿನ ಮಂಗಳವಾರ ಬೆಳಿಗ್ಗೆ ಶಿವಾನಂದ ಅಂಗಡಿಗೆ ಹೋಗಲಿಲ್ಲ. ಕಾಯಿಲ್ ಸುತ್ತುವ ಯಂತ್ರವನ್ನು ಹಿಂದಿನ ದಿನವೇ ಟೆಂಪೋದಲ್ಲಿ ಹಾಕಿಸಿಕೊಂಡು ಬಂದಿದ್ದರು. ಪಡಸಾಲೆಯಲ್ಲಿ ಅದನ್ನು ಜೋಡಿಸುತ್ತಾ, ಮಂಗಳವಾರ, ಗುರುವಾರ ನಾನು ಮನೆಯಲ್ಲೇ ಕಾಯಿಲ್ ಸುತ್ತುತ್ತೇನೆ, ಅಂಗಡಿಯಲ್ಲಿ ಮೋಟಾರು ಬಿಚ್ಚುವ ಕೆಲಸ ಉಳಿದ ದಿನ ಎಂದರು. ಮೊದಲ ವಾರವೇ ಅವರಿಗೂ ತಿಳಿಯಿತು. ಎಣಿಸುತ್ತಿದ್ದ ಸುತ್ತು ತಾಯಿ ಕರೆದಾಗ ಮರೆತುಹೋಗಿ, ಮೂರು ಸಲ ಬಿಚ್ಚಿ ಕಟ್ಟಿದರಂತೆ. ಅಂಗಡಿ ಮುಚ್ಚಿದೆ ಎಂದು ಇಬ್ಬರು ಗಿರಾಕಿ ಬೇರೆ ಕಡೆ ಹೋದರು. ನನಗೆ ನಗು ಬರಲಿಲ್ಲ. ಅವರೂ ನನ್ನನ್ನು ಮತ್ತೆ ನೌಕರಿ ಬಿಡು ಎನ್ನಲಿಲ್ಲ.

ಆದರೂ ಬುಧವಾರ, ಶನಿವಾರ ಉಳಿದವು. ಆ ಎರಡು ದಿನ ಕಮಲಕ್ಕನ ಮೇಲೆ ಭಾರ. ಅತ್ತೆ ಈಗ ಬಾಗಿಲು ಬಡಿಯತೊಡಗಿದ್ದರು, ಹೊರಗೆ ಬಿಡು ಎಂದು ಕಮಲಕ್ಕನ ಕೈ ಚಿವುಟುತ್ತಿದ್ದರು. ಸಂಜೆ ನಾನು ಬಂದಾಗ ಇಬ್ಬರೂ ಸೋತು ಕುಳಿತಿರುತ್ತಿದ್ದರು. ಹೊಸ ವರ್ಷ ಬಂದು, ಬ್ಯಾಡಗಿಯ ಮಾರ್ಕೆಟ್ಟಿಗೆ ಮೆಣಸಿನಕಾಯಿಯ ಚೀಲಗಳು ಲಾರಿಗಟ್ಟಲೆ ಬರತೊಡಗಿದವು. ಓಣಿಯ ಹೆಂಗಸರು ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೊರಟರು. ಒಂದು ಬೆಳಿಗ್ಗೆ ಅವರು ನಮ್ಮ ಮನೆಯ ಮುಂದೆ ಹಾದುಹೋಗುವಾಗ ಅತ್ತೆ ಹೊಸ್ತಿಲಲ್ಲಿ ನಿಂತು, ನಾನೂ ಬರತೇನಿ ಎಂದರು.

ಗಂಡ ತೀರಿದ ಮೇಲೆ ಅವರು ಮಗನನ್ನು ಸಾಕಿದ್ದು ಅದೇ ಕೆಲಸದಿಂದ ಎಂದು ನನಗೆ ಗೊತ್ತಿತ್ತು, ಆದರೆ ಅದರ ಬಗ್ಗೆ ಅವರು ಎಂದೂ ಹೆಚ್ಚು ಹೇಳಿದವರಲ್ಲ. ಆ ದಿನ ಹೇಳಿದರು. ಚೀಲವನ್ನು ಮನೆಗೆ ತಂದು ತೊಟ್ಟು ಮುರಿದರೆ ಕೂಸಿನ ಕಣ್ಣು ಉರಿಯುತ್ತಿದ್ದವಂತೆ. ಗೋದಾಮಿಗೆ ಹೋದರೆ ಕೂಸು ಏನು ಮಾಡುತ್ತಿದೆಯೋ ಎಂದು ಇವರ ಹೊಟ್ಟೆ ಉರಿಯುತ್ತಿತ್ತಂತೆ. "ಯಾವುದು ಛಲೋ ಅಂತ ನನಗ ಇನ್ನೂ ತಿಳಿದಿಲ್ಲ ಮಂಜವ್ವಾ," ಎಂದರು. ಆ ಹೊತ್ತಿಗೆ ಅವರಿಗೆ ನನ್ನ ಹೆಸರು ಅಪರೂಪಕ್ಕೆ ನೆನಪಾಗುತ್ತಿತ್ತು.

ಗೋದಾಮಿನ ಹೆಂಗಸರಲ್ಲಿ ಹಿರಿಯಳೊಬ್ಬಳು, "ಕಳಿಸವ್ವ, ನಮ್ಮ ನಡುವ ಕುಂದ್ರಿಸಿಕೊತೇವಿ," ಎಂದಳು. ಬುಧವಾರ, ಶನಿವಾರ, ಊಟದ ಹೊತ್ತಿನ ತನಕ. ಆಮೇಲೆ ಕಮಲಕ್ಕ ಕರೆತರುವುದು. ನನಗೆ ಧೈರ್ಯವಿರಲಿಲ್ಲ. ಘಾಟು, ಧೂಳು, ಲಾರಿಗಳ ಓಡಾಟ. ಎದ್ದು ಎಲ್ಲಿಗಾದರೂ ಹೋದರೆ? ಆದರೆ ಬೀಗ ಹಾಕಿದ ಬಾಗಿಲನ್ನು ಅವರು ಬಡಿಯುವುದನ್ನೂ ನೋಡಿದ್ದೆ.

ಮೊದಲ ಬುಧವಾರ ನಾನೇ ಬಿಡಲು ಹೋದೆ. ಕೆಂಪು ರಾಶಿಯ ಸುತ್ತ ಹತ್ತು ಹನ್ನೆರಡು ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದರು. ಅತ್ತೆಗೂ ಒಂದು ಬಟ್ಟೆ ಕಟ್ಟಿದೆ. ಅವರು ಮೆಲ್ಲಗೆ ಕುಳಿತು ಒಂದು ಕಾಯಿ ಎತ್ತಿಕೊಂಡರು. ಹಾಲು ಉಕ್ಕುವುದು, ಓಣಿಯ ದಾರಿ, ಮೊಮ್ಮಗಳ ಹೆಸರು, ಎಲ್ಲ ಬಿಟ್ಟುಕೊಟ್ಟಿದ್ದ ಕೈಗೆ ತೊಟ್ಟು ಎಲ್ಲಿ ಮುರಿಯಬೇಕೆಂದು ಗೊತ್ತಿತ್ತು. ಒಂದು, ಇನ್ನೊಂದು, ಮತ್ತೊಂದು. ನಾನು ಅಲ್ಲಿಯೇ ನಿಂತಿದ್ದೆ. ಐದು ನಿಮಿಷವಾಗಿರಬೇಕು. ಅವರು ತಲೆಯೆತ್ತಿ ನೋಡಿದರು.

"ಇನ್ನೂ ಯಾಕ ನಿಂತೀದಿ? ನಿನ್ನ ಬಸ್ ಹೋದೀತು. ಲಗೂ ನಡಿ, ನಂದೂ ಕೆಲಸ ಐತಿ."

ನಾನು ಗೇಟು ದಾಟಿ ಬಸ್‌ಸ್ಟ್ಯಾಂಡಿನ ಕಡೆ ಓಡಿದೆ.